ಓದುಗರ ಪ್ರಶ್ನೆ: ಮೀನುತೊಟ್ಟಿಯ ಫೋಟೊಗೆ ಕ್ಯಾಮೆರಾ ಯಾವುದು, ಬೆಳಕು ಎಲ್ಲಿಂದ?

ಅಕ್ವೇರಿಯಂ ಮೀನುಗಳ ಫೋಟೊ ತೆಗೆಯುವುದರ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡಡಿ ಉದ್ದದ ತೊಟ್ಟಿಯಲ್ಲಿ ಏಂಜೆಲ್, ಗಪ್ಪಿ, ನಿಯಾನ್ ಟೆಟ್ರಾ ಇವೆ. ನನ್ನ ಹತ್ತಿರ 18–55 ಮಿ.ಮೀ. ಲೆನ್ಸಿರುವ ಹಳೆಯ ಡಿಎಸ್ಎಲ್ಆರ್ ಇದೆ. ಮೀನಿನ ಫೋಟೊ ಚೆನ್ನಾಗಿ ಬರಬೇಕಾದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಕೊಳ್ಳಲೇಬೇಕು ಎನ್ನುತ್ತಾರೆ. ಹೌದೇ?

ಉತ್ತರ: ಬೇಡ. ಇರುವ ಕ್ಯಾಮೆರಾವನ್ನೇ ಇಟ್ಟುಕೊಳ್ಳಿ. ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಫ್ಲ್ಯಾಶ್ ಕೊಳ್ಳಿ, ಆಮೇಲೆ ಲೆನ್ಸ್. ಈ ಕೆಲಸಕ್ಕೆ ಕ್ಯಾಮೆರಾದಲ್ಲಿ ಬೇಕಾದದ್ದು ಮೂರೇ: ಮ್ಯಾನ್ಯುಯಲ್ ಮೋಡ್, ಮೇಲೆ ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ, ರಾ ಫೈಲ್ (ಸೆನ್ಸರ್ ದಾಖಲಿಸಿದ ಕಚ್ಚಾ ಮಾಹಿತಿ) ಉಳಿಸುವ ಸೌಲಭ್ಯ. ಹಳೆಯ ಡಿಎಸ್ಎಲ್ಆರ್‌ಗಳಲ್ಲೂ ಇವು ಮೂರೂ ಇರುತ್ತವೆ.

ಫುಲ್ ಫ್ರೇಮಿನ ದೊಡ್ಡ ಲಾಭ ಮಂದ ಬೆಳಕಿನಲ್ಲಿ ಎನ್ನುವುದು ನಿಜ. ಆದರೆ ಹತ್ತಿರದಿಂದ ತೆಗೆಯುವಾಗ ಆ ಲಾಭ ಕೈಗೆ ಹತ್ತುವುದಿಲ್ಲ. ಮೀನು ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣಬೇಕು, ಎದೆಯ ರೆಕ್ಕೆಯಿಂದ ಬೆನ್ನಿನ ರೆಕ್ಕೆಯವರೆಗೆ ಅಷ್ಟೇ ಸ್ಪಷ್ಟವಾಗಿರಬೇಕು ಎಂದರೆ, ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನಲ್ಲಿ ಎಫ್/8 (ಲೆನ್ಸಿನ ಕಂಡಿಯಾದ ಅಪರ್ಚರಿನ ಅಳತೆ; ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು) ಸಾಕಾಗುವ ಕಡೆ ಫುಲ್ ಫ್ರೇಮಿನಲ್ಲಿ ಸುಮಾರು ಎಫ್/12 ಇಡಬೇಕಾಗುತ್ತದೆ. ಕಡಿಮೆಯಾದ ಬೆಳಕನ್ನು ತುಂಬಿಕೊಳ್ಳಲು ಐಎಸ್ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿದಿರೋ, ಗಳಿಸಿದ್ದೆಲ್ಲ ಹೋಯಿತು.

ಲೆನ್ಸಿನ ವಿಷಯ. ನಿಮ್ಮ 18–55ರ ಕಿಟ್ ಲೆನ್ಸನ್ನು 55 ಮಿ.ಮೀ.ಗೆ ಎಳೆದು, ಫೋಕಸ್ ಆಗುವಷ್ಟು ಹತ್ತಿರ ಹೋದರೆ ಸುಮಾರು 7–9 ಸೆಂ.ಮೀ. ಅಗಲದ ನೋಟ ಚೌಕಟ್ಟು ತುಂಬುತ್ತದೆ. ಏಂಜೆಲ್‌ಗೆ ಧಾರಾಳವಾಯಿತು, ಬೆಳೆದ ಗಪ್ಪಿಗೂ ಸಾಕು. 3 ಸೆಂ.ಮೀ. ಉದ್ದದ ನಿಯಾನ್ ಮಾತ್ರ ಚೌಕಟ್ಟಿನ ಅರ್ಧವನ್ನೂ ತುಂಬುವುದಿಲ್ಲ. ಅದಕ್ಕೆ 12 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾ-ಲೆನ್ಸ್ ನಡುವೆ ಕೂರುವ ಟೊಳ್ಳು ಕೊಳವೆ) ಹಾಕಿ ನೋಡಿ. 55 ಮಿ.ಮೀ. ಲೆನ್ಸಿನಲ್ಲಿ ಅದು ಹಿಗ್ಗುವಿಕೆಯನ್ನು (ಸೆನ್ಸರಿನ ಮೇಲಿನ ಬಿಂಬ ಮೀನಿನ ಅಳತೆಯ ಎಷ್ಟು ಪಾಲು ಎಂಬುದನ್ನು) 0.2ರಷ್ಟು ಹೆಚ್ಚಿಸುತ್ತದೆ. ಕೊಳ್ಳುವಾಗ ಒಳಗೆ ವಿದ್ಯುತ್ ಸಂಪರ್ಕದ ಪಿನ್‌ಗಳಿರುವುದನ್ನೇ ಆರಿಸಿ. ಅವಿಲ್ಲದಿದ್ದರೆ ಅಪರ್ಚರ್ ಬದಲಿಸಲಾಗದು.

ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ನಿಜವಾದ ಮ್ಯಾಕ್ರೋ ಲೆನ್ಸೇ ಬೇಕೆಂದರೆ 60 ಮತ್ತು 100 ಮಿ.ಮೀ. ನಡುವೆ ತೊಟ್ಟಿಯ ಅಗಲ ನೋಡಿ ತೀರ್ಮಾನಿಸಿ. 5 ಸೆಂ.ಮೀ. ಮೀನು ಎಪಿಎಸ್-ಸಿ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ತುಂಬಬೇಕಾದರೆ 60 ಮಿ.ಮೀ. ಲೆನ್ಸ್ ಮೀನಿನಿಂದ ಸುಮಾರು 25 ಸೆಂ.ಮೀ. ದೂರ ಇರಬೇಕು, 100 ಮಿ.ಮೀ. ಆದರೆ 40 ಸೆಂ.ಮೀ. ದಾಟುತ್ತದೆ. ಹೆದರುವ ಮೀನಿಗೆ 100 ಒಳ್ಳೆಯದು. ಆದರೆ ಗಾಜಿನಿಂದ ದೂರ ನಿಂತಷ್ಟೂ ಕೋಣೆಯ ಪ್ರತಿಬಿಂಬ ಹೆಚ್ಚು, ಮೀನಿನ ಮುಂದೆ ಹಾದುಹೋಗುವ ಬೇರೆ ಮೀನುಗಳೂ ಹೆಚ್ಚು. ಎರಡಡಿ ತೊಟ್ಟಿಗೆ ನಮ್ಮ ಮತ 60ಕ್ಕೆ.

ಪ್ರಶ್ನೆ: ಕ್ಯಾಮೆರಾದ ಫ್ಲ್ಯಾಶ್ ಹಾಕಿದರೆ ಗಾಜಿನ ಮೇಲೆ ದೊಡ್ಡ ಬಿಳಿ ಚುಕ್ಕೆ, ಹಿಂದೆ ಮೀನಿನ ನೆರಳು. ಫ್ಲ್ಯಾಶ್ ಹಾಕದಿದ್ದರೆ ಮಸುಕು. ಫ್ಲ್ಯಾಶನ್ನು ಎಲ್ಲಿ ಇಡಬೇಕು? ಎಷ್ಟು ಪವರ್?

ಉತ್ತರ: ಮೇಲೆ ಇಡಬೇಕು. ಕ್ಯಾಮೆರಾದ ಮೇಲಲ್ಲ, ತೊಟ್ಟಿಯ ಮೇಲೆ. ಗಾಜಿಗೆ ನೇರವಾಗಿ ಬಿದ್ದ ಬೆಳಕು ಬಂದ ದಾರಿಯಲ್ಲೇ ಲೆನ್ಸಿಗೆ ಮರಳುತ್ತದೆ. ನಿಮ್ಮ ಬಿಳಿ ಚುಕ್ಕೆ ಅದೇ. ಮೇಲಿನಿಂದ ನೀರಿಗಿಳಿದ ಬೆಳಕಿಗೆ ಈ ದಾರಿಯೇ ಇಲ್ಲ. ನದಿಯಲ್ಲೂ ಮೀನಿಗೆ ಬೆಳಕು ಬರುವುದು ಮೇಲಿನಿಂದಲೇ ಆದ್ದರಿಂದ ಚಿತ್ರ ಸಹಜವಾಗಿಯೂ ಕಾಣುತ್ತದೆ.

ಬೇಕಾದದ್ದು: ಪವರನ್ನು ಕೈಯಿಂದ ಬದಲಿಸಬಹುದಾದ ಒಂದು ಸ್ಪೀಡ್‌ಲೈಟ್ (ಬಿಡಿ ಫ್ಲ್ಯಾಶ್), ಒಂದು ಜೊತೆ ರೇಡಿಯೋ ಟ್ರಿಗರ್ (ಒಂದು ಹಾಟ್ ಶೂಗೆ, ಒಂದು ಫ್ಲ್ಯಾಶಿಗೆ), ತೊಟ್ಟಿಯ ಬಾಯಿ ಮುಚ್ಚುವ ಗಾಜಿನ ಹಲಗೆ, ಬೆಳಕು ಹರಡಲು ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ, ಅಂಗೈ ಅಗಲದ ಕಪ್ಪು ರಟ್ಟು. ಗಾಜಿನ ಮುಚ್ಚಳವನ್ನು ಬಿಡುವಂತಿಲ್ಲ. ಫ್ಲ್ಯಾಶಿನ ಒಳಗಿನ ಕೆಪ್ಯಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಅದು ನೀರಿಗೆ ಬೀಳಬಾರದು, ಮೀನು ಹಾರಿ ಎರಚಿದ ನೀರೂ ಅದಕ್ಕೆ ತಾಗಬಾರದು. ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿದ್ದರೆ ಒರೆಸಿ, ಇಲ್ಲವಾದರೆ ಬೆಳಕು ತೇಪೆ ತೇಪೆಯಾಗಿ ಇಳಿಯುತ್ತದೆ.

ಫ್ಲ್ಯಾಶಿನ ಮುಖ ಕೆಳಗೆ ಮಾಡಿ, ಹಾಳೆಯನ್ನು ಅದಕ್ಕೂ ಮುಚ್ಚಳಕ್ಕೂ ನಡುವೆ 5–8 ಸೆಂ.ಮೀ. ಅಂತರ ಇರುವಂತೆ ಹಿಡಿಸಿ. ಹೆಚ್ಚಿನವರು ತಪ್ಪುವುದು ಮುಂದಿನ ಹಂತದಲ್ಲಿ: ಫ್ಲ್ಯಾಶನ್ನು ತೊಟ್ಟಿಯ ನಟ್ಟನಡುವೆ ಇಡುತ್ತಾರೆ. ಮೀನು ಮುಂಗಾಜಿನ ಹತ್ತಿರ ಬಂದಾಗ ಬೆಳಕು ಅದರ ಹಿಂದಿನಿಂದ ಬೀಳುತ್ತದೆ, ಕ್ಯಾಮೆರಾ ಕಡೆಗಿನ ಮೈ ಕಪ್ಪಾಗುತ್ತದೆ. ಫ್ಲ್ಯಾಶ್ ಮುಂಗಾಜಿನ ಅಂಚಿಗೆ ಹತ್ತಿರವಿರಲಿ, ಮುಖ ಸ್ವಲ್ಪ ಹಿಂದಕ್ಕೆ ವಾಲಿರಲಿ. ಅಂಚಿನಲ್ಲಿ ಕಪ್ಪು ರಟ್ಟನ್ನು ನಿಲ್ಲಿಸಿದರೆ ಸೋರಿದ ಬೆಳಕು ಲೆನ್ಸಿಗೆ ಹೊಡೆಯುವುದಿಲ್ಲ. ಗ್ಲಾಸ್ ಕ್ಯಾಟ್‌ಫಿಶ್‌ನಂಥ ಪಾರದರ್ಶಕ ಮೀನಿಗೆ ಮಾತ್ರ ಇದನ್ನು ಉಲ್ಟಾ ಮಾಡಿ: ಬೆಳಕು ಹಿಂದಿನಿಂದ ಬಂದರೆ ಅದರ ಬೆನ್ನೆಲುಬು, ಮುಳ್ಳುಗಳೆಲ್ಲ ಎದ್ದು ಕಾಣುತ್ತವೆ.

ಇನ್ನು ಪವರ್. ಫ್ಲ್ಯಾಶಿನ ಬಲ ತಿಳಿಸುವ ಅಂಕಿ ಗೈಡ್ ನಂಬರ್; ಅದನ್ನು ದೂರದಿಂದ ಭಾಗಿಸಿದರೆ ಇಡಬೇಕಾದ ಎಫ್ ಅಂಕಿ ಸಿಗುತ್ತದೆ. ಅದು 40 (ಮೀಟರಿನಲ್ಲಿ, ಐಎಸ್ಓ 100) ಎಂದುಕೊಳ್ಳಿ. 1/16 ಪವರಿನಲ್ಲಿ ಅದು ನಾಲ್ಕರಲ್ಲೊಂದು, ಅಂದರೆ 10. ಮೀನು ಫ್ಲ್ಯಾಶಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ 10 ಭಾಗಿಸು 0.4, ಎಫ್/25. ಹಾಳೆ, ಮುಚ್ಚಳ, ನೀರು ಸೇರಿ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ತಿನ್ನುತ್ತವೆ ಎಂದರೆ ಉಳಿಯುವುದು ಎಫ್/12ರ ಆಸುಪಾಸು. ಆದ್ದರಿಂದ ಐಎಸ್ಓ 100, ಎಫ್/11, ಪವರ್ 1/16 ಎಂದು ಶುರುಮಾಡಿ. ಶಟರ್ 1/125ರಿಂದ 1/200 ಸೆಕೆಂಡ್ ಇರಲಿ. ಕ್ಯಾಮೆರಾದ ಸಿಂಕ್ ವೇಗ (ಫ್ಲ್ಯಾಶಿನ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) ಸಾಮಾನ್ಯವಾಗಿ 1/160ರಿಂದ 1/250ರೊಳಗೆ ಇರುತ್ತದೆ. ಅದನ್ನು ಮೀರಿದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟೆ ಬರುತ್ತದೆ. ಮೀನಿನ ಮೇಲೆ ಪ್ರಯೋಗ ಮಾಡುತ್ತ ಕೂರಬೇಡಿ. ಮೀನು ಬರುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ತುಂಡೊಂದನ್ನು ದಾರದಲ್ಲಿ ಇಳಿಬಿಟ್ಟು ಪವರ್ ಹೊಂದಿಸಿಕೊಳ್ಳಿ. ಅದೇ ಚಿತ್ರ ಆಮೇಲೆ ವೈಟ್ ಬ್ಯಾಲೆನ್ಸಿಗೂ (ಬಿಳಿಯನ್ನು ಬಿಳಿಯಾಗಿಸಿ ಬಣ್ಣ ಸರಿಪಡಿಸಲು) ಒದಗುತ್ತದೆ.

ಶಟರ್ 1/200 ಇದ್ದೂ ಮೀನು ಹೇಗೆ ಮಸುಕಾಗುವುದಿಲ್ಲ ಎಂದು ಕೇಳಬಹುದು. ಎಫ್/11, ಐಎಸ್ಓ 100ರಲ್ಲಿ ತೊಟ್ಟಿಯ ದೀಪದ ಬೆಳಕು ಚಿತ್ರದಲ್ಲಿ ದಾಖಲಾಗುವುದೇ ಇಲ್ಲ ಎನ್ನಬೇಕು. ಚಿತ್ರ ಮೂಡುವುದು ಫ್ಲ್ಯಾಶ್ ಉರಿದಷ್ಟು ಹೊತ್ತು ಮಾತ್ರ, ಪವರ್ ಇಳಿಸಿದಷ್ಟೂ ಆ ಹೊತ್ತು ಕಿರಿದಾಗುತ್ತದೆ. ಹೆಚ್ಚಿನ ಸ್ಪೀಡ್‌ಲೈಟ್‌ಗಳಲ್ಲಿ 1/16 ಪವರ್ ಎಂದರೆ ಸೆಕೆಂಡಿನ ಸಾವಿರಾರು ಭಾಗಗಳಲ್ಲೊಂದು. ಹಾಗಾಗಿ ಪೂರ್ತಿ ಪವರಿನ ಒಂದು ಫ್ಲ್ಯಾಶಿಗಿಂತ ಕಡಿಮೆ ಪವರಿನ ಎರಡು ಲೇಸು. ಎರಡನೆಯದಿದ್ದರೆ ಹಿಂಬದಿಯ ಗಿಡ, ಬೇರುಗಳ ಮೇಲೆ ಬೀಳುವಂತೆ ಇಡಿ, ಇಲ್ಲದಿದ್ದರೆ ಹಿನ್ನೆಲೆ ಪೂರ್ತಿ ಕಪ್ಪು. ಹೊಟ್ಟೆಯ ಭಾಗ ಕತ್ತಲಾಗುವುದು ಈ ವಿಧಾನದ ಒಂದೇ ಕೊರತೆ. ತಳದಲ್ಲಿ ತಿಳಿಬಣ್ಣದ ಮರಳಿದ್ದರೆ ಅದೇ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಕಪ್ಪು ತಳವಾದರೆ ಚೌಕಟ್ಟಿನ ಹೊರಗೆ ಉಳಿಯುವಂತೆ ಬಿಳಿ ಪ್ಲಾಸ್ಟಿಕ್ ತಗಡನ್ನು ಮಲಗಿಸಿ.

ಪ್ರಶ್ನೆ: ಫ್ಲ್ಯಾಶ್ ಕೊಳ್ಳುವ ಯೋಚನೆ ಇಲ್ಲ. ತೊಟ್ಟಿಯ ಎಲ್ಇಡಿ ದೀಪದಲ್ಲೇ ತೆಗೆಯಬಹುದೇ? 1/125 ಇಟ್ಟರೂ ಮೀನು ಅಲುಗಾಡಿದಂತೆ ಬರುತ್ತದೆ. ಕೆಲವು ಚಿತ್ರಗಳಲ್ಲಿ ಅಡ್ಡಡ್ಡ ಪಟ್ಟೆಗಳೂ ಇವೆ.

ಉತ್ತರ: ತೆಗೆಯಬಹುದು, ಮೀನನ್ನು ಆರಿಸಿಕೊಂಡು. ಲೆಕ್ಕ ಹೀಗಿದೆ: ಚೌಕಟ್ಟಿನ ಅಗಲ 75 ಮಿ.ಮೀ., ಚಿತ್ರದ ಅಗಲ 6000 ಪಿಕ್ಸೆಲ್ ಆದರೆ ಒಂದು ಮಿಲಿಮೀಟರಿಗೆ 80 ಪಿಕ್ಸೆಲ್. ಸೆಕೆಂಡಿಗೆ 10 ಸೆಂ.ಮೀ. ಈಜುವ ಟೆಟ್ರಾ 1/125 ಸೆಕೆಂಡಿನಲ್ಲಿ 0.8 ಮಿ.ಮೀ. ಸರಿಯುತ್ತದೆ, ಅಂದರೆ 64 ಪಿಕ್ಸೆಲ್. ಮಸುಕಾಗದೆ ಇನ್ನೇನು? 1/500ಕ್ಕೆ ಏರಿಸಿದರೂ 16 ಪಿಕ್ಸೆಲ್ ಉಳಿಯುತ್ತದೆ. ಅದೇ ಏಂಜೆಲ್, ಡಿಸ್ಕಸ್, ಫೈಟರ್ ನಿಂತಲ್ಲೇ ತೇಲುವ ಕ್ಷಣಗಳು ಬೇಕಾದಷ್ಟಿವೆ. ಅವಕ್ಕೆ 1/125 ನಡೆಯುತ್ತದೆ. ತಿರುಗುವ ಮುನ್ನ ಯಾವ ಮೀನೂ ಅರೆಗಳಿಗೆ ನಿಲ್ಲುತ್ತದೆ, ಬಟನ್ ಒತ್ತಬೇಕಾದದ್ದು ಆಗ. ಜೀಬ್ರಾ ಡೇನಿಯೋ ಸಹವಾಸಕ್ಕೆ ಫ್ಲ್ಯಾಶ್ ಇಲ್ಲದೆ ಹೋಗಬೇಡಿ.

ಗಿಡಗಳ ತೊಟ್ಟಿಯ ಒಳ್ಳೆಯ ದೀಪದಡಿ ಐಎಸ್ಓ 1600, ಎಫ್/4, 1/125 ಸಾಮಾನ್ಯವಾಗಿ ಸಿಗುವ ಅಳತೆ. ಎಫ್/8 ಬೇಕೆಂದರೆ ಐಎಸ್ಓ 6400. ಇನ್ನೊಂದು ಅಷ್ಟೇ ಪ್ರಖರ ದೀಪವನ್ನು ತಾತ್ಕಾಲಿಕವಾಗಿ ಮೇಲಿಟ್ಟರೆ ಗಳಿಕೆ ಒಂದೇ ಸ್ಟಾಪ್, 6400 ಹೋಗಿ 3200. ಎಫ್/4ರಲ್ಲೇ ತೆಗೆಯುವುದಾದರೆ ಮೀನು ಗಾಜಿಗೆ ಸಮಾನಾಂತರವಾಗಿ, ಪೂರ್ತಿ ಮಗ್ಗುಲು ತೋರಿದಾಗ ಮಾತ್ರ ತೆಗೆಯಿರಿ. ಕಣ್ಣಿಗೆ ಫೋಕಸ್ ಬಿದ್ದರೆ ಉಳಿದದ್ದೂ ಆ ಸಮತಲದಲ್ಲೇ ಇರುತ್ತದೆ.

ಪಟ್ಟೆಗಳಿಗೆ ಕಾರಣ ದೀಪದ ಮಿನುಗು. ಬೆಳಕು ತಗ್ಗಿಸಿದ ಎಲ್ಇಡಿ ವಾಸ್ತವದಲ್ಲಿ ಮಂದವಾಗಿ ಉರಿಯುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಹತ್ತಿ ಆರುತ್ತಿರುತ್ತದೆ. ಸೆನ್ಸರ್ ಸಾಲುಸಾಲಾಗಿ ಓದುವಾಗ ಆರಿದ ಗಳಿಗೆಗಳು ಕಪ್ಪು ಪಟ್ಟೆಯಾಗುತ್ತವೆ. ಡಿಮ್ಮರನ್ನು ನೂರಕ್ಕೆ ನೂರು ಮಾಡಿ, ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. ಆಗಲೂ ಹೋಗದಿದ್ದರೆ ಮಿನುಗು ಕರೆಂಟಿನದು: 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಶಟರ್ 1/50 ಅಥವಾ 1/100, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120 ಇಡಿ.

ಪ್ರಶ್ನೆ: ನಿಯಾನ್ ಟೆಟ್ರಾದ ನೀಲಿ ಗೆರೆ ಒಂದು ಚಿತ್ರದಲ್ಲಿ ಹೊಳೆಯುತ್ತದೆ, ಮುಂದಿನದರಲ್ಲಿ ಬೂದು. ಬೆಳ್ಳಿ ಮೈಯ ಮೀನುಗಳಂತೂ ಬರೀ ಬಿಳಿ. ಸೆಟ್ಟಿಂಗ್ ಬದಲಿಸಿಲ್ಲ. ಏಕೆ ಹೀಗೆ?

ಉತ್ತರ: ನಿಯಾನ್‌ನ ಕೆಂಪು ವರ್ಣದ್ರವ್ಯದ್ದು, ಎತ್ತ ನೋಡಿದರೂ ಕೆಂಪೇ. ನೀಲಿ ಹಾಗಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಹರಳಿನ ತೆಳು ಹಾಳೆಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ; ಅವುಗಳಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಕೆಲವು ಬಣ್ಣಗಳು ಬಲಗೊಂಡು ಉಳಿದವು ಅಳಿಯುತ್ತವೆ. ಇಂಥ ಬಣ್ಣಕ್ಕೆ ಬೆಳಕು ಬಂದ ಕೋನವೇ ಮುಖ್ಯ. ಮೀನು ಸ್ವಲ್ಪ ವಾಲಿದರೂ ಗೆರೆ ಆರುತ್ತದೆ. ಒಂದೇ ಕಿರಿದಾದ ದೀಪವಿದ್ದರೆ ಹೊಂದುವ ಕೋನವೂ ಒಂದೇ. ಬೆಳಕಿನ ಮೂಲವನ್ನು ಅಗಲ ಮಾಡಿ: ಮುಚ್ಚಳದ ಮುಂಭಾಗದ ಉದ್ದಕ್ಕೂ ಹಾಲುಬಣ್ಣದ ಹಾಳೆ ಹರಡಿ, ಫ್ಲ್ಯಾಶನ್ನು 15–20 ಸೆಂ.ಮೀ. ಮೇಲಕ್ಕೆತ್ತಿ. ಪವರ್ ಹೆಚ್ಚಿಸಬೇಕಾಗುತ್ತದೆ, ಆದರೆ ಗೆರೆ ಉಳಿಯುವ ಚಿತ್ರಗಳು ಎಷ್ಟೋ ಪಾಲು ಹೆಚ್ಚುತ್ತವೆ.

ಬೆಳ್ಳಿ ಹುರುಪೆಗಳದ್ದೂ ಇದೇ ಹರಳು. ಅವು ಕನ್ನಡಿಗಳಂತೆ ವರ್ತಿಸುತ್ತವೆ. ಅವಕ್ಕೆ ಎಕ್ಸ್‌ಪೋಷರ್ 2/3ರಿಂದ 1 ಸ್ಟಾಪ್ ಇಳಿಸಿ. ಕತ್ತಲಾದ ಭಾಗವನ್ನು ರಾ ಫೈಲಿನಲ್ಲಿ ಎತ್ತಬಹುದು. ಬೆಳ್ಳಗೆ ಸುಟ್ಟುಹೋದ ಹುರುಪೆಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಮತ್ತೊಂದು: ದೀಪ ಹಾಕಿದ ತಕ್ಷಣ ತೆಗೆಯಬೇಡಿ. ರಾತ್ರಿ ಹೊತ್ತು ಟೆಟ್ರಾಗಳ ಬಣ್ಣ ಕಂದಿರುತ್ತದೆ, ಮರಳಲು ಸಮಯ ಬೇಕು. ಒಂದು ಗಂಟೆ ಬಿಡಿ. ಬಿಳಿ ಮರಳಿನ ಮೇಲೆ ಅನೇಕ ಮೀನುಗಳು ಬಣ್ಣ ತಗ್ಗಿಸಿಕೊಳ್ಳುತ್ತವೆ. ಹೊಟ್ಟೆಗೆ ಬೆಳಕು ಕೊಡಲು ತಿಳಿ ಮರಳು ಒಳ್ಳೆಯದೆಂದು ಮೇಲೆ ಹೇಳಿದ್ದೇವೆ. ಅಚ್ಚ ಬಿಳಿಯಲ್ಲ, ಕಂದು ಬೆರೆತದ್ದು ಎಂದು ತಿಳಿಯಿರಿ.

ಪ್ರಶ್ನೆ: ಪ್ರತಿಬಿಂಬ ತೆಗೆಯಲು ಪೋಲರೈಸರ್ ಫಿಲ್ಟರ್ ಕೊಳ್ಳಲೇ?

ಉತ್ತರ: ತೊಟ್ಟಿಗೆ ಬೇಡ. ಗಾಜಿನ ಪ್ರತಿಫಲನವನ್ನು ಅದು ಚೆನ್ನಾಗಿ ಕತ್ತರಿಸುವುದು ನೇರದಿಂದ ಸುಮಾರು 56 ಡಿಗ್ರಿ ಓರೆಯಲ್ಲಿ. ಅಷ್ಟು ಓರೆಯಾಗಿ ಗಾಜು-ನೀರಿನ ಮೂಲಕ ತೆಗೆದರೆ ಬೆಳಕು ಬಾಗಿ, ಬಣ್ಣಗಳು ಬೇರ್ಪಟ್ಟು ಮೀನಿನ ಅಂಚಿಗೆ ನೇರಳೆ-ಹಸಿರು ಗೆರೆ ಹತ್ತುತ್ತದೆ. ಲೆನ್ಸ್ ಗಾಜಿಗೆ ನೇರವಾಗಿಯೇ ಇರಬೇಕು, ಆಗ ಪೋಲರೈಸರ್ ನಿರುಪಯೋಗಿ. ಸಾಲದ್ದಕ್ಕೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಕೋಣೆಯ ದೀಪ ಆರಿಸಿ, ಕಿಟಕಿ ಮುಚ್ಚಿ, ಕಪ್ಪು ಅಂಗಿ ತೊಡಿ. ಕಪ್ಪು ಬಟ್ಟೆಯಲ್ಲಿ ಲೆನ್ಸಿನಷ್ಟು ತೂತು ಮಾಡಿ ಕ್ಯಾಮೆರಾದ ಮುಂದೆ ಇಳಿಬಿಟ್ಟರೆ ಮುಗಿಯಿತು. ಕ್ಯಾಮೆರಾದ ಹಣೆಯ ಮೇಲಿನ ಬಿಳಿ ಅಕ್ಷರಗಳೂ ಗಾಜಿನಲ್ಲಿ ಮೂಡುತ್ತವೆ, ಕಪ್ಪು ಟೇಪ್ ಹಚ್ಚಿ. ಕೊಳದ ಕೋಯಿ ಮೀನನ್ನು ದಂಡೆಯಿಂದ ತೆಗೆಯುವವರಿಗೆ ಮಾತ್ರ ಪೋಲರೈಸರ್ ಉಪಕಾರಿ.

ಪ್ರಶ್ನೆ: ಸಮುದ್ರದ ತೊಟ್ಟಿ. ಚಿತ್ರವೆಲ್ಲ ನೀಲಿ, ಕ್ಲೌನ್‌ಫಿಶ್ ಕೂಡ ನೇರಳೆ!

ಉತ್ತರ: ಹವಳದ ತೊಟ್ಟಿಯ ದೀಪಗಳಲ್ಲಿ 420–460 ನ್ಯಾನೋಮೀಟರಿನ ನೀಲಿಯದೇ ಮೇಲುಗೈ. ವೈಟ್ ಬ್ಯಾಲೆನ್ಸಿಗಾಗಿ ಕ್ಯಾಮೆರಾದಲ್ಲಿರುವ ಕೆಲ್ವಿನ್ ಅಳತೆ ಸಾಮಾನ್ಯವಾಗಿ 10000ಕ್ಕೆ ನಿಲ್ಲುವುದರಿಂದ ವೈಟ್ ಬ್ಯಾಲೆನ್ಸ್ ಅಲ್ಲಿಗೆ ತಲುಪುವುದೇ ಇಲ್ಲ. ಫೋಟೊ ತೆಗೆಯುವಷ್ಟು ಹೊತ್ತು ದೀಪದ ಬಿಳಿ ಚಾನೆಲ್ ಏರಿಸಿ, ನೀಲಿ ಇಳಿಸಿ. ಹಿಸ್ಟೋಗ್ರಾಮನ್ನು (ಚಿತ್ರದ ಕತ್ತಲು-ಬೆಳಕಿನ ಹಂಚಿಕೆ ತೋರುವ ನಕ್ಷೆ) ಮೂರು ಬಣ್ಣಗಳಲ್ಲಿ ಬೇರೆ ಬೇರೆ ನೋಡಿ; ಒಟ್ಟು ಗೆರೆ ಸರಿಯಿದ್ದರೂ ನೀಲಿ ಬಲಗೋಡೆಗೆ ಬಡಿದಿರುತ್ತದೆ. ಮೀನಿಗಷ್ಟೇ ಆದರೆ ಫ್ಲ್ಯಾಶ್ ಬಳಸಿ, ಕಿತ್ತಳೆ ಕಿತ್ತಳೆಯಾಗಿಯೇ ಬರುತ್ತದೆ. ಆದರೆ ಹವಳಗಳು ನೀಲಿ ಬೆಳಕನ್ನು ಹೀರಿ ತಾವೇ ಸೂಸುವ ಹಸಿರು-ಕಿತ್ತಳೆ ಹೊಳಪು ಫ್ಲ್ಯಾಶಿನಲ್ಲಿ ಮುಳುಗಿಹೋಗುತ್ತದೆ. ಅದು ಬೇಕಾದರೆ ನೀಲಿ ದೀಪವನ್ನೇ ಇಟ್ಟುಕೊಂಡು ಲೆನ್ಸಿಗೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಾಕಿ.

ಪ್ರಶ್ನೆ: ಮೊಬೈಲಿನಲ್ಲಿ ಆಗುವುದೇ ಇಲ್ಲವೇ?

ಉತ್ತರ: ಆಗುತ್ತದೆ, ಆಟೋ ಮೋಡ್ ಬಿಟ್ಟರೆ. ನೈಟ್ ಮೋಡ್, ಎಚ್‌ಡಿಆರ್ ಎರಡನ್ನೂ ಆಫ್ ಮಾಡಿ. ಅವು ಹಲವು ಚಿತ್ರ ಬೆಸೆದು ಒಂದು ಮಾಡುವುದರಿಂದ ಓಡಾಡುವ ಮೀನಿಗೆ ಎರಡು ಬಾಲ ಮೂಡುತ್ತವೆ. ಪ್ರೋ ಮೋಡಿನಲ್ಲಿ ಶಟರ್ 1/250, ಐಎಸ್ಓ 800ರ ಒಳಗೆ. ಮೊಬೈಲಿನ ಟಾರ್ಚ್ ಫ್ಲ್ಯಾಶ್ ಬೇಡ. ಅದು ಗಾಜಿಗೆ ಹೊಡೆಯುತ್ತದೆ, ಚಲನೆಯನ್ನೂ ನಿಲ್ಲಿಸುವುದಿಲ್ಲ. ಬೆಳಕು ಮೇಲಿನಿಂದ ತುಂಬಬೇಕು.

2ಎಕ್ಸ್ ಅಥವಾ 3ಎಕ್ಸ್ ಟೆಲಿ ಲೆನ್ಸ್ ಇದ್ದರೆ ಅದನ್ನೇ ಬಳಸಿ, ಆದರೆ ತೀರಾ ಹತ್ತಿರ ಹೋದಾಗ ಹಲವು ಫೋನುಗಳು ಸದ್ದಿಲ್ಲದೆ ಮುಖ್ಯ ಲೆನ್ಸಿಗೆ ಜಾರಿ ಚಿತ್ರವನ್ನು ಕತ್ತರಿಸಿ ಕೊಡುತ್ತವೆ. ಟೆಲಿ ಲೆನ್ಸಿಗೆ ಬೆರಳು ಅಡ್ಡ ಇಟ್ಟು ನೋಡಿ. ಪರದೆ ಕಪ್ಪಾಗದಿದ್ದರೆ ನೀವು ಬಳಸುತ್ತಿರುವುದು ಅದಲ್ಲ. ಫೋಕಸನ್ನು ಒಂದು ಎಲೆಯ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಮೀನು ಅದರ ಸಮಕ್ಕೆ ಬಂದಾಗ ಬರ್ಸ್ಟ್ (ಒಂದರ ಹಿಂದೊಂದು ಹಲವು ಚಿತ್ರ) ತೆಗೆಯಿರಿ. 4ಕೆ ವಿಡಿಯೊದಿಂದ ಒಂದು ಫ್ರೇಮ್ ತೆಗೆದರೆ ಸುಮಾರು 8 ಮೆಗಾಪಿಕ್ಸೆಲ್ ಚಿತ್ರ ಸಿಗುತ್ತದೆ. ವಿಡಿಯೊದ ಶಟರನ್ನೂ ವೇಗವಾಗಿ ಇಟ್ಟಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಚಿತ್ರದ ತುಂಬ ಹಿಮದಂಥ ಬಿಳಿ ಚುಕ್ಕೆಗಳು. ಅದೇ ದಿನ ನೀರು ಬದಲಿಸಿದ್ದೆ, ಗಾಜನ್ನೂ ತೊಳೆದಿದ್ದೆ.

ಉತ್ತರ: ಅದೇ ದಿನ ಬದಲಿಸಿದ್ದೇ ಕಾರಣ. ಒತ್ತಡದಲ್ಲಿ ಬರುವ ತಣ್ಣನೆಯ ನಲ್ಲಿ ನೀರಿನಲ್ಲಿ ಕರಗಿದ ಗಾಳಿ ಹೆಚ್ಚು. ತೊಟ್ಟಿಯಲ್ಲಿ ಬೆಚ್ಚಗಾಗುತ್ತಿದ್ದಂತೆ ಅದು ಸಣ್ಣ ಗುಳ್ಳೆಗಳಾಗಿ ಗಾಜಿಗೆ, ಎಲೆಗೆ, ಮೀನಿನ ರೆಕ್ಕೆಗೂ ಅಂಟುತ್ತದೆ. ಕಲಕಿದ ಕಸ ಬೇರೆ. ನೀರನ್ನು ಹಿಂದಿನ ದಿನ ಬದಲಿಸಿ, ಒಳಗಾಜನ್ನೂ ಆಗಲೇ ಉಜ್ಜಿ. ತೆಗೆಯುವ ದಿನ ಹೊರಗಾಜು ಒರೆಸಿದರೆ ಸಾಕು. ಶುರುಮಾಡುವ 15–20 ನಿಮಿಷ ಮೊದಲು ತೊಟ್ಟಿಯ ಫಿಲ್ಟರ್, ಗಾಳಿಕಲ್ಲು ನಿಲ್ಲಿಸಿ. ಕಸ ತಳ ಸೇರುತ್ತದೆ. ಮುಗಿದ ಮೇಲೆ ಹಚ್ಚಲು ಮರೆಯದಂತೆ ಫೋನಿನಲ್ಲಿ ಅಲಾರಂ ಇಡಿ. ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಹರಿಯುವ ನೀರಿನ ಆಮ್ಲಜನಕ ಬೇಕು, ಗಂಟೆಗಟ್ಟಲೆ ನಿಲ್ಲಿಸಿದರೆ ಸಾಯುತ್ತವೆ. ಆಹಾರವನ್ನು ಮೊದಲೇ ಹಾಕಬೇಡಿ: ಚೂರು ತೇಲುತ್ತದೆ, ಮೀನಿನ ಹಿಂದೆ ಹಿಕ್ಕೆಯ ಎಳೆ ತೂಗುತ್ತದೆ. ಹಸಿದ ಮೀನು ನಿಮ್ಮನ್ನು ಕಂಡರೆ ತಾನಾಗಿ ಮುಂಗಾಜಿಗೆ ಬರುತ್ತದೆ.

ಪ್ರಶ್ನೆ: ಫ್ಲ್ಯಾಶಿನಿಂದ ಮೀನಿಗೆ ತೊಂದರೆಯೇ?

ಉತ್ತರ: ಕತ್ತಲಲ್ಲಿ ಹೊಡೆದರೆ ಬೆಚ್ಚುತ್ತದೆ. ಮೀನಿಗೆ ನಮ್ಮಂತೆ ರೆಪ್ಪೆ ಮುಚ್ಚಲಾಗದು, ಹೆಚ್ಚಿನವುಗಳ ಕಣ್ಣಪಾಪೆಯೂ ಬೆಳಕಿಗೆ ತಕ್ಕಂತೆ ಕುಗ್ಗುವುದಿಲ್ಲ. ತೊಟ್ಟಿಯ ದೀಪ ಉರಿಯುತ್ತಲೇ ಇರಲಿ, ಅದು ನಿಮ್ಮ ಫೋಕಸಿಗೂ ಬೇಕು. ಮೀನು ಗಾಜಿಗೆ ಬಡಿಯತೊಡಗಿದರೆ, ಮೂಲೆ ಹಿಡಿದರೆ, ಕಿವಿರು ಬೇಗ ಬೇಗ ಬಡಿದರೆ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಗಿಡಗಳ ನಡುವೆ ಮೀನು ಸಿಗುವುದೇ ಇಲ್ಲ. ಫೋಟೊಗೆಂದೇ ಬೇರೆ ತೊಟ್ಟಿ ಮಾಡುತ್ತಾರಂತೆ. ಅಳತೆ ತಿಳಿಸಿ.

ಉತ್ತರ: 5–6 ಸೆಂ.ಮೀ. ವರೆಗಿನ ಮೀನಿಗೆ 30 ಸೆಂ.ಮೀ. ಉದ್ದ, 15 ಅಗಲ, 20 ಎತ್ತರ ಸಾಕು. 9 ಲೀಟರ್ ಹಿಡಿಸುತ್ತದೆ. ಮಾಮೂಲಿ ಗಾಜಿಗೆ ಹಸಿರು ಛಾಯೆ ಇರುವುದರಿಂದ ಮುಂಗಾಜನ್ನಾದರೂ ಕಬ್ಬಿಣದಂಶ ಕಡಿಮೆಯಿರುವ ತಿಳಿಗಾಜಿನಲ್ಲಿ ಮಾಡಿಸಿ. ಅಕ್ರಿಲಿಕ್ ಒಂದೇ ಒರೆಸಿಗೆ ಗೀರು ಬೀಳುತ್ತದೆ. ಒಳಗೆ ಮುಂಗಾಜಿನಿಂದ 5–6 ಸೆಂ.ಮೀ. ಹಿಂದೆ, ಅಂಚು ಉಜ್ಜಿ ನುಣುಪು ಮಾಡಿದ ಬಿಡಿ ಗಾಜನ್ನು ನಿಲ್ಲಿಸಿದರೆ ಮೀನು ಹಿಂದಕ್ಕೆ ಹೋಗಲಾರದು, ನಿಮ್ಮ ಫೋಕಸ್ ವಲಯ ಬಿಟ್ಟು ಕದಲಲಾರದು. ಮೀನು ತಿರುಗುವಷ್ಟು ಜಾಗ ಇರಲೇಬೇಕು. ಆ ಗಾಜಿನ ಹಿಂದೆ ನಾಲ್ಕು ಗಿಡ ಇಟ್ಟರೆ ನೋಡುವವರಿಗೆ ಅಡ್ಡಗೋಡೆ ಇರುವುದೇ ತಿಳಿಯುವುದಿಲ್ಲ. ಸಾದಾ ಹಿನ್ನೆಲೆ ಬೇಕಿದ್ದರೆ ಕಪ್ಪು ವೆಲ್ವೆಟ್ ಅಥವಾ ಬೂದುನೀಲಿ ರಟ್ಟನ್ನು ಹಿಂಗಾಜಿಗೆ ಅಂಟಿಸದೆ, 15 ಸೆಂ.ಮೀ. ಹಿಂದೆ ನಿಲ್ಲಿಸಿ. ಆಗ ನೆರಳೂ ಸುಕ್ಕೂ ಕಾಣುವುದಿಲ್ಲ.

ನೀರು ಮೀನು ಇದ್ದ ತೊಟ್ಟಿಯದೇ ಆಗಿರಲಿ. ಬಿಟ್ಟ ಮೇಲೆ ಅರ್ಧ ಗಂಟೆ ಸುಮ್ಮನಿರಿ. ಮಡಚಿದ ರೆಕ್ಕೆ ಬಿಚ್ಚಿಕೊಂಡು ಬಣ್ಣ ಮರಳುವವರೆಗೆ ತೆಗೆದ ಚಿತ್ರಗಳು ದಂಡ. 9 ಲೀಟರ್ ನೀರು ಬೇಗ ತಣಿಯುವುದರಿಂದ ಒಂದೆರಡು ಗಂಟೆಯೊಳಗೆ ಮೀನನ್ನು ವಾಪಸ್ ಬಿಡಿ. ಫೈಟರ್ ರೆಕ್ಕೆ ಅರಳಿಸಲು ಕನ್ನಡಿ ತೋರಿಸುವುದಾದರೆ ಎರಡು-ಮೂರು ನಿಮಿಷ, ಹೆಚ್ಚಲ್ಲ. ಮೀನು ಹಿಡಿಯಲು ಬಲೆಗಿಂತ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಉತ್ತಮ: ಬಲೆಗೆ ಉಜ್ಜಿ ರೆಕ್ಕೆಯ ತುದಿ ಹರಿದರೆ ಚಿತ್ರದಲ್ಲಿ ಮೊದಲು ಕಾಣುವುದು ಅದೇ, ಕೋರಿಡೋರಾಸ್‌ನಂಥವುಗಳ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಕತ್ತರಿಯಿಂದ ಬಲೆಯನ್ನೇ ಕತ್ತರಿಸಬೇಕಾಗುತ್ತದೆ.